ಬ್ಲೇಡ್ ಹೆಚ್ಚಿಸಿದರೆ ಪಾಸಿಂಗ್ ಹೆಚ್ಚೀತೇ? ಪಿಕಪ್ ಟೆಂಪೋಗಳ ಹಿಂಬದಿ ಬಲವರ್ಧನೆಯ ಸುತ್ತಮುತ್ತ

ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2024ರ ನವೆಂಬರ್ 6ರಂದು ನೀಡಿದ ತೀರ್ಪು ಮುಂಬಯಿ, ನವಿಮುಂಬಯಿ, ಥಾಣೆ, ಪುಣೆ ಪರಿಸರದ ಸಣ್ಣ ಟೆಂಪೋ ಮಾಲಕರಿಗೆ ದೊಡ್ಡ ನೆಮ್ಮದಿಯನ್ನೇ ತಂದಿತು. ಒಟ್ಟು ತೂಕ 7,500 ಕಿಲೋ ಮೀರದ ಸಾಗಾಟ ವಾಹನವನ್ನು ಓಡಿಸಲು ಲಘು ವಾಹನದ ಅಂದರೆ ಎಲ್‌ಎಂವಿ ಲೈಸೆನ್ಸ್ ಸಾಕು, ಅದಕ್ಕೆ ಪ್ರತ್ಯೇಕ ಸಾಗಾಟ ಪರವಾನಿಗೆಯ ಅಗತ್ಯವಿಲ್ಲ ಎಂಬುದು ಆ ತೀರ್ಪಿನ ಸಾರ. 2017ರ ಮುಕುಂದ ದೇವಾಂಗನ್ ಪ್ರಕರಣದಲ್ಲಿ ತಳೆದಿದ್ದ ನಿಲುವನ್ನೇ ನ್ಯಾಯಾಲಯ ಎತ್ತಿಹಿಡಿಯಿತು. ಲೈಸೆನ್ಸಿನ ಈ ಒಂದು ಕಾರಣ ಮುಂದಿಟ್ಟು ಪರಿಹಾರ ನಿರಾಕರಿಸುವ ವಾದಕ್ಕೆ ಅದರಿಂದ ತೆರೆ ಬಿತ್ತು.

ಆದರೆ ತೀರ್ಪು ಹೇಳಿದ್ದು ಯಾರು ಓಡಿಸಬಹುದು ಎಂಬುದನ್ನು. ಎಷ್ಟು ಹೇರಬಹುದು ಎಂಬುದನ್ನಲ್ಲ. 7,500 ಎಂಬ ಅಂಕೆಯನ್ನು ಕೇಳಿದ್ದೇ ತಡ, ಸಣ್ಣ ಗಾಡಿಗೂ ಇನ್ನು ಭಾರದ ಚಿಂತೆಯಿಲ್ಲ ಎಂದು ಅರ್ಥೈಸಿಕೊಂಡವರು ಇಲ್ಲದಿಲ್ಲ. ಇದಕ್ಕೆ ಪೂರಕವಾಗಿ ಹಲವು ವರ್ಷಗಳಿಂದ ನಡೆದುಬಂದ ಪರಿಪಾಠವೊಂದಿದೆ. ಹೊಸ ಪಿಕಪ್ ಶೋರೂಮಿನಿಂದ ಹೊರಬಿದ್ದು, ತೆಂಗಿನಕಾಯಿ ಒಡೆದು ಪೂಜೆ ಮುಗಿಯುವುದೇ ತಡ, ನೇರವಾಗಿ ಗ್ಯಾರೇಜಿಗೆ ಹೋಗುತ್ತದೆ. ಅಲ್ಲಿ ಹಿಂಬದಿಗೆ ಒಂದೋ ಎರಡೋ ಪಾಟಾ ಹೆಚ್ಚು ಬೀಳುತ್ತದೆ. ಚಾಸಿಯ ಉದ್ದಕ್ಕೂ ಕಬ್ಬಿಣದ ಪಟ್ಟಿ ವೆಲ್ಡಿಂಗ್ ಆಗುತ್ತದೆ. ಮುಂಬಯಿಯಲ್ಲಿ ಪಾಟಾ ಎನ್ನುವುದನ್ನು ಊರಿನ ಕಡೆ ಬ್ಲೇಡ್ ಎನ್ನುತ್ತಾರೆ. ಹೆಸರು ಯಾವುದಾದರೂ ನಂಬಿಕೆ ಒಂದೇ: ಹಿಂದೆ ಗಟ್ಟಿ ಮಾಡಿಸಿದರೆ ಗಾಡಿ ಹೆಚ್ಚು ಹೊರುತ್ತದೆ.

ಇದು ಕೇವಲ ಟೆಂಪೋದವರ ವಿಷಯವೆಂದು ನಮ್ಮ ಸಂಘ-ಸಂಸ್ಥೆಗಳ ಸದಸ್ಯರು ಪುಟ ತಿರುಗಿಸುವಂತಿಲ್ಲ. ವಾಶಿಯ ಎಪಿಎಂಸಿ ಮಾರುಕಟ್ಟೆಯಿಂದ ತರಕಾರಿ, ಅಕ್ಕಿ ತರಿಸುವ ಹೊಟೇಲು ಉದ್ಯಮಿಗಳು, ಮದುವೆ-ಮುಂಜಿಗಳಿಗೆ ಪಾತ್ರೆ ಪರಡಿ ಸಾಗಿಸುವ ಕೇಟರಿಂಗ್‌ನವರು, ಮಂಟಪ ಅಲಂಕಾರದವರು, ಮಲ್ಪೆ-ಮಂಗಳೂರಿನ ಮೀನು ವ್ಯಾಪಾರಸ್ಥರು ಎಲ್ಲರ ವ್ಯವಹಾರವೂ ಈ ಗಾಡಿಗಳ ಬೆನ್ನ ಮೇಲೆಯೇ ನಿಂತಿದೆ. ವಾರ್ಷಿಕೋತ್ಸವದ ದಿನ ಯಕ್ಷಗಾನದ ಪೆಟ್ಟಿಗೆ, ಕುರ್ಚಿ, ಧ್ವನಿವರ್ಧಕ, ಜತೆಗೆ ನಾಲ್ಕಾರು ಹುಡುಗರನ್ನು ಹೊತ್ತು ಸಭಾಗೃಹದೆದುರು ನಿಲ್ಲುವುದೂ ಇದೇ ಪಿಕಪ್. ಆದುದರಿಂದ ಅದರ ಹಿಂಬದಿಯಲ್ಲಿ ಏನು ನಡೆದಿದೆ ಎಂಬುದು ಎಲ್ಲರಿಗೂ ಸಂಬಂಧಪಟ್ಟದ್ದು.

ಆರ್‌ಸಿಯಲ್ಲಿರುವ ಎರಡು ಅಂಕೆಗಳು

ಪ್ರತಿ ವಾಹನದ ಆರ್‌ಸಿಯಲ್ಲಿ ಎರಡು ತೂಕಗಳು ನಮೂದಾಗಿರುತ್ತವೆ. ಒಂದು ಖಾಲಿ ಗಾಡಿಯ ತೂಕ, ಇನ್ನೊಂದು ಸಾಮಾನು, ಚಾಲಕ, ಇಂಧನ ಎಲ್ಲ ಸೇರಿದ ಗರಿಷ್ಠ ಒಟ್ಟು ತೂಕ. ಈ ಎರಡನೆಯದನ್ನೇ ಬಳಕೆಯ ಮಾತಿನಲ್ಲಿ ಪಾಸಿಂಗ್ ಎನ್ನುವುದು. 2005ರಲ್ಲಿ ಟಾಟಾ ಏಸ್, ಅಂದರೆ ಎಲ್ಲರ ಬಾಯಲ್ಲಿ ಓಡಾಡುವ ಛೋಟಾ ಹಾಥಿ, ಮಾರುಕಟ್ಟೆಗೆ ಬಂದಾಗ ಅದರ ಹೊರುವ ಶಕ್ತಿ 750 ಕಿಲೋ ಎಂದು ಕಂಪೆನಿಯೇ ಹೇಳಿತ್ತು. ಬೊಲೆರೊ ಪಿಕಪ್‌ಗಳಲ್ಲಿ 1.3 ಟನ್, 1.7 ಟನ್ ಎಂದು ಬೇರೆ ಬೇರೆ ಮಾದರಿಗಳು ಬಂದವು. 2022ರಲ್ಲಿ ಟಾಟಾ ಯೋಧಾ 2 ಟನ್ನಿನ ಪಿಕಪ್ಪನ್ನು ಪರಿಚಯಿಸಿತು.

ನೋಡಲು ಒಂದೇ ತೆರನಾಗಿರುವ ಎರಡು ಪಿಕಪ್‌ಗಳಲ್ಲಿ ಒಂದಕ್ಕೆ 1.3, ಇನ್ನೊಂದಕ್ಕೆ 1.7 ಟನ್ ಏಕೆ? ಕಂಪೆನಿ ಎರಡನೆಯದಕ್ಕೆ ಎರಡು ಪಾಟಾ ಹೆಚ್ಚು ಹಾಕಿರಬಹುದು, ನಾವೂ ಹಾಕಿದರೆ ಆಯಿತು ಎಂದು ಗ್ಯಾರೇಜಿನ ಲೆಕ್ಕಾಚಾರ. ಆದರೆ ಒಂದು ಗಾಡಿಯ ಪಾಸಿಂಗ್ ನಿರ್ಧಾರವಾಗುವುದು ಪಾಟಾದಿಂದ ಮಾತ್ರವಲ್ಲ. ಚಾಸಿಯ ಉಕ್ಕಿನ ದಪ್ಪ, ಹಿಂದಿನ ಆ್ಯಕ್ಸಲ್ ಹೌಸಿಂಗ್, ಒಳಗಿನ ಶಾಫ್ಟು, ಚಕ್ರದ ಬೇರಿಂಗ್, ಬ್ರೇಕ್ ಡ್ರಮ್ಮಿನ ಅಳತೆ, ಟೈರಿನ ಭಾರಸೂಚಿ, ರಿಮ್ಮು, ಇವೆಲ್ಲ ಒಂದೇ ಸರಪಳಿಯ ಕೊಂಡಿಗಳು. ಪುಣೆಯ ಎಆರ್‌ಎಐಯಂತಹ ಸಂಸ್ಥೆಗಳು ಮಾದರಿ ವಾಹನವನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡುವಾಗ ಈ ಇಡೀ ಸರಪಳಿಗೆ ನೀಡುತ್ತವೆ. ಒಂದು ಕೊಂಡಿಯನ್ನು ದಪ್ಪ ಮಾಡಿದರೆ ತುಂಡಾಗುವ ಜಾಗ ಬದಲಾಗುತ್ತದೆಯೇ ಹೊರತು ಸರಪಳಿಯ ಶಕ್ತಿ ಹೆಚ್ಚುವುದಿಲ್ಲ.

2018ರ ಜುಲೈಯಲ್ಲಿ ಕೇಂದ್ರ ಸರಕಾರ ಆ್ಯಕ್ಸಲ್ ಭಾರದ ಮಿತಿಯನ್ನು ಏರಿಸಿದ್ದನ್ನು ಕೆಲವರು ಉದಾಹರಿಸುತ್ತಾರೆ. ಆರು ಚಕ್ರದ ಎರಡು ಆ್ಯಕ್ಸಲ್ ಲಾರಿಯ ಒಟ್ಟು ತೂಕ ಆಗ 16.2 ಟನ್ನಿನಿಂದ 18.5 ಟನ್ನಿಗೆ ಏರಿತು. ಅದು ರಸ್ತೆಯ ಮೇಲಿನ ಭಾರಕ್ಕೆ ಹಾಕಿದ ಹೊರಮಿತಿ. ಪಿಕಪ್ ಆ ಮಿತಿಯ ಹತ್ತಿರವೂ ಸುಳಿಯುವುದಿಲ್ಲ, ಅದಕ್ಕೆ ಅನ್ವಯಿಸುವುದು ಅದರದ್ದೇ ಆರ್‌ಸಿಯ ಅಂಕೆ.

ಪಾಟಾದ ಗಣಿತ

ಹಾಗೆಂದು ಪಾಟಾ ಹಾಕಿಸಿದರೆ ಏನೂ ಆಗುವುದಿಲ್ಲ ಎಂದಲ್ಲ. ಆಗುತ್ತದೆ, ಮತ್ತು ಕಣ್ಣಿಗೆ ಕಾಣುವಂತೆಯೇ ಆಗುತ್ತದೆ. ಅಲ್ಲಿಯೇ ಮೋಸವಿರುವುದು.

ಒಂದೇ ದಪ್ಪದ ಐದು ಪಾಟಾಗಳಿರುವ ಕಟ್ಟಿಗೆ ಆರನೆಯದನ್ನು ಸೇರಿಸಿದರೆ ಅದರ ಬಿಗಿತ ಸುಮಾರು ಶೇ. 20ರಷ್ಟು ಹೆಚ್ಚುತ್ತದೆ. ದಪ್ಪವನ್ನೇ ಬದಲಿಸಿದರೆ ಪರಿಣಾಮ ಇನ್ನೂ ತೀವ್ರ. ಏಕೆಂದರೆ ಬಿಗಿತವು ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. 8 ಮಿಲಿಮೀಟರಿನ ಪಾಟಾದ ಜಾಗದಲ್ಲಿ 10 ಮಿಲಿಮೀಟರಿನದ್ದು ಬಂದರೆ ಆ ಒಂದು ಪಾಟಾದ ಬಿಗಿತ ಹೆಚ್ಚುಕಡಿಮೆ ಎರಡು ಪಾಲು. ಹೀಗೆ ಬಿಗಿಯಾದ ಗಾಡಿ ಭಾರ ಹೇರಿದಾಗ ಮೊದಲಿನಷ್ಟು ಕುಸಿಯುವುದಿಲ್ಲ. ಹಿಂಬದಿ ಎತ್ತರವಾಗಿಯೇ ನಿಲ್ಲುತ್ತದೆ. ಮಾಲಕರಿಗೆ ಸಂತೋಷ, ನಾಕಾದಲ್ಲಿ ನಿಂತ ಪೊಲೀಸನ ಕಣ್ಣಿಗೂ ಓವರ್‌ಲೋಡ್ ಗೋಚರಿಸುವುದಿಲ್ಲ.

ಆದರೆ ಆ್ಯಕ್ಸಲ್ ಮತ್ತು ಟೈರುಗಳಿಗೆ ಬರುವ ಭಾರ ಒಂದು ಕಿಲೋ ಸಹ ಕಡಿಮೆಯಾಗಿರುವುದಿಲ್ಲ. ಬದಲಾಗಿ ಹೊಂಡಕ್ಕೆ ಬಿದ್ದಾಗ ಪಾಟಾ ಬಾಗಿ ನುಂಗಬೇಕಾಗಿದ್ದ ಹೊಡೆತ ಈಗ ನೇರವಾಗಿ ಚಾಸಿಗೆ ಹೋಗುತ್ತದೆ. ಪಾಟಾ ಇರುವುದೇ ಬಾಗುವುದಕ್ಕೆ. ಅದನ್ನು ಬಾಗದಂತೆ ಮಾಡಿದರೆ ಬಾಗಬಾರದ್ದು ಬಾಗತೊಡಗುತ್ತದೆ. ಖಾಲಿ ಹಿಂದಿರುಗುವಾಗಂತೂ ಇಂತಹ ಗಾಡಿಯ ಹಿಂಚಕ್ರಗಳು ಪುಟಿಯುತ್ತವೆ, ಮಳೆಗಾಲದ ರಸ್ತೆಯಲ್ಲಿ ಅವು ಹಿಡಿತ ತಪ್ಪಲು ಒಂದು ಗಟ್ಟಿ ಬ್ರೇಕ್ ಸಾಕು.

ಇನ್ನೊಂದು ಸಣ್ಣ ಸಂಗತಿಯನ್ನು ಗ್ಯಾರೇಜಿನಲ್ಲಿ ನಿಂತು ನೋಡಬಹುದು. ಪಾಟಾ ಹೆಚ್ಚಿದಾಗ ಕಟ್ಟಿನ ದಪ್ಪ ಹೆಚ್ಚುತ್ತದೆ. ಅದನ್ನು ಆ್ಯಕ್ಸಲ್ಲಿಗೆ ಬಿಗಿಯುವ ಯು-ಬೋಲ್ಟ್ ಕೂಡ ಉದ್ದವಾಗಿರಬೇಕು. ಹಳೆಯ ಬೋಲ್ಟನ್ನೇ ಹಾಕಿ, ತುದಿಯ ಎರಡು ಮೂರು ಎಳೆಗಳಿಗೆ ನಟ್ ಕಚ್ಚಿಸಿ ಕಳುಹಿಸಿದರೆ ಹೊರಗಿನಿಂದ ತಿಳಿಯುವುದಿಲ್ಲ. ಕ್ರಮೇಣ ನಟ್ ಸಡಿಲವಾಗಿ ಎಲ್ಲ ಹೊಡೆತ ನಡುವಿನ ಸೆಂಟರ್ ಬೋಲ್ಟಿಗೆ ಬೀಳುತ್ತದೆ. ಅದು ತುಂಡಾದರೆ ಆ್ಯಕ್ಸಲ್ ತನ್ನ ಜಾಗದಿಂದ ಸರಿಯುತ್ತದೆ, ಚಾಲಕ ಸ್ಟೇರಿಂಗ್ ನೇರ ಹಿಡಿದರೂ ಗಾಡಿ ಒಂದು ಬದಿಗೆ ಎಳೆಯುತ್ತದೆ. ಆದುದರಿಂದ ಪಾಟಾ ಕೆಲಸ ಮಾಡಿಸಿದ ಮೇಲೆ ಹೊಸ ಯು-ಬೋಲ್ಟ್ ಹಾಕಿಸುವುದು ಹಾಗೂ ಕೆಲವು ನೂರು ಕಿಲೋಮೀಟರ್ ಓಡಿದ ಬಳಿಕ ಪುನಃ ಬಿಗಿಸುವುದು ಅಗತ್ಯ. ಮುರಿದ ಪಾಟಾವನ್ನು ಅದೇ ಅಳತೆಯದ್ದರಿಂದ ಬದಲಿಸುವಾಗಲೂ ಇದು ಅನ್ವಯಿಸುತ್ತದೆ.

ಬ್ರೇಕಿಗೆ ತಿಳಿಯದ ಭಾರ

ಇಷ್ಟರಲ್ಲೇ ಮುಗಿದಿದ್ದರೆ ಇದು ಗಾಡಿಯ ಸವಕಳಿಯ ಪ್ರಶ್ನೆಯಾಗಿ ಉಳಿಯುತ್ತಿತ್ತು. ಹೆಚ್ಚಿನವರ ಗಮನಕ್ಕೆ ಬಾರದ ಅಪಾಯ ಇರುವುದು ಬ್ರೇಕಿನಲ್ಲಿ.

ಅನೇಕ ಪಿಕಪ್‌ಗಳ ಹಿಂಬದಿಯಲ್ಲಿ ಚಾಸಿ ಮತ್ತು ಆ್ಯಕ್ಸಲ್ ನಡುವೆ ಒಂದು ಸಣ್ಣ ಕಡ್ಡಿ, ಅದಕ್ಕೆ ಜೋಡಿಸಿದ ವಾಲ್ವ್ ಇರುತ್ತದೆ. ಎಲ್‌ಎಸ್‌ಪಿವಿ ಎಂದು ಅದರ ಹೆಸರು. ಗಾಡಿ ಖಾಲಿ ಇದ್ದಾಗ ಹಿಂಚಕ್ರಗಳ ಮೇಲೆ ಭಾರ ಕಡಿಮೆ. ಆಗ ಬ್ರೇಕಿನ ಪೂರ್ಣ ಒತ್ತಡ ಹಿಂದಕ್ಕೆ ಹೋದರೆ ಚಕ್ರ ಲಾಕ್ ಆಗಿ ಗಾಡಿ ತಿರುಗಿ ನಿಲ್ಲಬಹುದು. ಆದುದರಿಂದ ವಾಲ್ವ್ ಒತ್ತಡವನ್ನು ತಡೆಹಿಡಿಯುತ್ತದೆ. ಭಾರ ಹೇರಿದಾಗ ಚಾಸಿ ಕುಸಿದು ಆ್ಯಕ್ಸಲ್ಲಿಗೆ ಹತ್ತಿರವಾಗುತ್ತದೆ, ಕಡ್ಡಿ ವಾಲುತ್ತದೆ, ವಾಲ್ವ್ ತೆರೆದುಕೊಂಡು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಅಂದರೆ ಗಾಡಿಯಲ್ಲಿ ಎಷ್ಟು ಭಾರವಿದೆ ಎಂಬುದನ್ನು ಬ್ರೇಕ್ ತಿಳಿಯುವುದು ಚಾಸಿ ಎಷ್ಟು ಕುಸಿಯಿತು ಎಂಬುದರಿಂದ.

ಇನ್ನು ಪಾಟಾ ಹೆಚ್ಚಿಸಿದ ಗಾಡಿಯನ್ನು ಕಲ್ಪಿಸಿಕೊಳ್ಳಿ. ಎರಡು ಟನ್ ಹೇರಿದರೂ ಚಾಸಿ ಕುಸಿಯುವುದಿಲ್ಲ. ಗಾಡಿಯಲ್ಲಿ ಅರ್ಧ ಭಾರವೂ ಇಲ್ಲವೆಂದು ವಾಲ್ವ್ ತಿಳಿಯುತ್ತದೆ. ಹಿಂದಿನ ಬ್ರೇಕಿಗೆ ಬೇಕಾದಷ್ಟು ಒತ್ತಡ ಬಿಡುವುದಿಲ್ಲ. ಭಾರವೆಲ್ಲ ಹಿಂದೆ, ಬ್ರೇಕಿನ ದುಡಿಮೆಯೆಲ್ಲ ಮುಂದಿನ ಚಕ್ರಗಳಿಗೆ. ಸಮತಟ್ಟಾದ ಪೇಟೆ ರಸ್ತೆಯಲ್ಲಿ ಇದು ಗೊತ್ತಾಗಲಿಕ್ಕಿಲ್ಲ. ಖಂಬಾಟ್ಕಿ, ಆಂಬೋಲಿ, ಶಿರಾಡಿಯಂತಹ ಘಾಟಿ ಇಳಿಯುವಾಗ ಮುಂದಿನ ಬ್ರೇಕ್ ಕಾದು ಕೆಂಪಾಗಿ ಹಿಡಿತ ಕಳೆದುಕೊಳ್ಳತೊಡಗುತ್ತದೆ. "ಬ್ರೇಕ್ ಫೇಲ್" ಎಂದು ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ಬ್ರೇಕಿಗೆ ಸುಳ್ಳು ಹೇಳಿದ್ದು ಯಾರು ಎಂಬುದು ಬರುವುದಿಲ್ಲ.

ಇದನ್ನರಿತ ಕೆಲವು ಮೆಕ್ಯಾನಿಕರು ಕಡ್ಡಿಯನ್ನು ತಂತಿಯಿಂದ ಎಳೆದು ಕಟ್ಟಿ ವಾಲ್ವ್ ಸದಾ ತೆರೆದಿರುವಂತೆ ಮಾಡುವುದುಂಟು. ಆಗ ಖಾಲಿ ಗಾಡಿ ಮಳೆಯಲ್ಲಿ ಬ್ರೇಕ್ ಹಾಕಿದಾಗ ಹಿಂಬದಿ ಜಾರುತ್ತದೆ. ಎಬಿಎಸ್-ಇಬಿಡಿ ಇರುವ ಹೊಸ ಗಾಡಿಗಳಲ್ಲಿ ಈ ಹಂಚಿಕೆಯನ್ನು ಇಲೆಕ್ಟ್ರಾನಿಕ್ ವ್ಯವಸ್ಥೆ ನೋಡಿಕೊಳ್ಳುತ್ತದೆ. ಆದರೆ ರಸ್ತೆಯಲ್ಲಿರುವ ಹಳೆಯ ಗಾಡಿಗಳು ಕಡಿಮೆಯೇನಲ್ಲ. ಇಲೆಕ್ಟ್ರಾನಿಕ್ ಇದ್ದರೂ ಡ್ರಮ್ ಮತ್ತು ಡಿಸ್ಕ್ ನುಂಗಬೇಕಾದ ಶಾಖ ಭಾರದೊಂದಿಗೆ ಏರಿಯೇ ಏರುತ್ತದೆ. ಒಂದೇ ವೇಗದಲ್ಲಿ ಎರಡು ಪಾಲು ತೂಕದ ಗಾಡಿ ನಿಲ್ಲಿಸಲು ಎರಡು ಪಾಲು ಶಕ್ತಿ ವ್ಯಯವಾಗಲೇಬೇಕು, ಇದಕ್ಕೆ ಯಾವ ಗ್ಯಾರೇಜಿನಲ್ಲೂ ಪರಿಹಾರವಿಲ್ಲ.

ಚಾಸಿಗೆ ಬೆಸುಗೆ

ಪಿಕಪ್ಪಿನ ಚಾಸಿಯೆಂದರೆ ಉದ್ದನೆಯ ಎರಡು ಉಕ್ಕಿನ ತೊಲೆಗಳು, ನಡುನಡುವೆ ಏಣಿಯ ಮೆಟ್ಟಿಲಿನಂತೆ ಅಡ್ಡತೊಲೆಗಳು. ಬಿರುಕು ಬರುವುದು ಸಾಮಾನ್ಯವಾಗಿ ಕ್ಯಾಬಿನ್ನಿನ ಬೆನ್ನಹಿಂದೆ, ಪಾಟಾದ ಬ್ರ್ಯಾಕೆಟ್ ಕೂರುವಲ್ಲಿ ಅಥವಾ ಅಡ್ಡತೊಲೆ ಸೇರುವಲ್ಲಿ. ಇದನ್ನು ತಪ್ಪಿಸಲೆಂದು ಮೊದಲೇ ಪಟ್ಟಿ ಬೆಸೆಯುವುದು ರೂಢಿ.

ಬೆಸುಗೆಯ ಶಾಖ ಉಕ್ಕಿನ ಗುಣವನ್ನೇ ಬದಲಿಸುತ್ತದೆ. ಇಂದಿನ ಚಾಸಿಗಳಲ್ಲಿ ಬಳಸುವ ಹೆಚ್ಚು ಶಕ್ತಿಯ ಉಕ್ಕು ಬೆಸುಗೆಯ ಅಂಚಿನಲ್ಲಿ ದುರ್ಬಲವಾಗಬಹುದು. ತೊಲೆಯ ಮೇಲಂಚು ಮತ್ತು ಕೆಳ ಅಂಚಿನಲ್ಲಿ ಎಳೆತ ಅತ್ಯಧಿಕವಿರುತ್ತದೆ. ಅಲ್ಲಿ ಬೆಸುಗೆ ಹಾಕುವುದು, ತೂತು ಕೊರೆಯುವುದು ಎರಡೂ ವರ್ಜ್ಯ. ಮತ್ತೊಂದು ದೋಷ, ಪಟ್ಟಿಯನ್ನು ನೇರಕ್ಕೆ ಕತ್ತರಿಸಿ ನಿಲ್ಲಿಸುವುದು. ಪಟ್ಟಿ ಮುಗಿದಲ್ಲಿ ದಪ್ಪ ಚಾಸಿ ಒಮ್ಮೆಲೇ ತೆಳ್ಳಗಾಗುತ್ತದೆ. ಹಿಂದಿನ ಬಿರುಕು ನಿಂತು, ಒಂದಡಿ ಆಚೆ ಹೊಸ ಬಿರುಕು ಹುಟ್ಟುತ್ತದೆ. ಸರಿಯಾದ ಕೆಲಸಗಾರ ಬಿರುಕಿನ ತುದಿಗೆ ಸಣ್ಣ ತೂತು ಕೊರೆದು ಅದು ಮುಂದುವರಿಯದಂತೆ ತಡೆಯುತ್ತಾನೆ, ವಿ ಆಕಾರದಲ್ಲಿ ಕೊರೆದು ಎರಡೂ ಬದಿಯಿಂದ ಬೆಸೆಯುತ್ತಾನೆ, ಮೇಲೆ ಇಡುವ ಪಟ್ಟಿಯ ತುದಿಗಳನ್ನು ಓರೆಯಾಗಿ ಕತ್ತರಿಸಿ ತೊಲೆಯ ನಡುಭಾಗಕ್ಕೆ ಬೋಲ್ಟ್ ಮಾಡುತ್ತಾನೆ. ಇದಕ್ಕೆ ಸಮಯವೂ ಹಿಡಿಯುತ್ತದೆ, ಮಜೂರಿಯೂ ಹೆಚ್ಚು. ಇದು ಕೂಡ ಮುರಿದದ್ದನ್ನು ಮೊದಲಿನಂತೆ ಮಾಡುವ ದುರಸ್ತಿಯೇ ಹೊರತು ಪಾಸಿಂಗ್ ಏರಿಸುವ ವಿದ್ಯೆಯಲ್ಲ.

ಮೀನಿನ ಗಾಡಿಗಳದ್ದು ಬೇರೆಯೇ ಕಥೆ. ಮಂಜುಗಡ್ಡೆ ಕರಗಿದ ಉಪ್ಪುನೀರು ಸದಾ ಚಾಸಿಯ ಮೇಲೆ ತೊಟ್ಟಿಕ್ಕುತ್ತದೆ. ತೊಲೆಗೂ ಬೆಸೆದ ಪಟ್ಟಿಗೂ ನಡುವಿನ ಸಂದಿಯಲ್ಲಿ ಅದು ನಿಂತು ಒಳಗಿಂದೊಳಗೇ ತುಕ್ಕು ಹಿಡಿಸುತ್ತದೆ. ಹೊರಗೆ ಬಣ್ಣ ಹೊಳೆಯುತ್ತಿರುತ್ತದೆ. ಇಂತಹ ಗಾಡಿಗೆ ಪಟ್ಟಿ ಬೆಸೆಯುವುದಕ್ಕಿಂತ ವಾರಕ್ಕೊಮ್ಮೆ ಸಿಹಿನೀರಿನಲ್ಲಿ ಚಾಸಿ ತೊಳೆಸಿ, ತುಕ್ಕು ನಿರೋಧಕ ಬಳಿಸುವುದು ಹೆಚ್ಚು ಪ್ರಯೋಜನಕಾರಿ.

ಭಾರ ಎಲ್ಲಿ ಇಡುತ್ತೇವೆ ಎಂಬುದೂ ಎಷ್ಟು ಇಡುತ್ತೇವೆ ಎಂಬಷ್ಟೇ ಮುಖ್ಯ. ಎರಡು ಆ್ಯಕ್ಸಲ್‌ಗಳ ನಡುವೆ 3 ಮೀಟರ್ ಅಂತರವಿರುವ ಗಾಡಿಯಲ್ಲಿ, ಹಿಂದಿನ ಆ್ಯಕ್ಸಲ್ಲಿನಿಂದ 1.2 ಮೀಟರ್ ಆಚೆ 300 ಕಿಲೋ ಇಟ್ಟರೆ, ತಕ್ಕಡಿಯ ನ್ಯಾಯದಂತೆ ಹಿಂದಿನ ಆ್ಯಕ್ಸಲ್ಲಿಗೆ ಬೀಳುವುದು 420 ಕಿಲೋ. ಹೆಚ್ಚುವರಿ 120 ಕಿಲೋ ಮುಂದಿನ ಚಕ್ರಗಳಿಂದ ಕಳಚಿ ಬಂದದ್ದು. ಮುಂಭಾಗ ಹಗುರವಾದಾಗ ಸ್ಟೇರಿಂಗ್ ಹಿಡಿತ ತಪ್ಪುತ್ತದೆ, ರಾತ್ರಿ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಹಿಂಬದಿಯ ಚಾಚು ವೀಲ್‌ಬೇಸಿನ ಶೇ. 60ನ್ನು ಮೀರಬಾರದೆಂದು ಕೇಂದ್ರ ಮೋಟಾರು ವಾಹನ ನಿಯಮಾವಳಿ ಹೇಳುವುದು ಇದೇ ಕಾರಣಕ್ಕೆ. ಬಾಡಿ ಕಟ್ಟಿಸುವಾಗ ಹಿಂದೆ ಒಂದಡಿ ಉದ್ದ ಮಾಡಿಸುವವರು ಇದನ್ನು ಗಮನಿಸಬೇಕು.

ಕಾನೂನು ಎಲ್ಲಿ ನಿಲ್ಲುತ್ತದೆ

ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದ ಬಂದ ಕೆ. ಜಯಚಂದ್ರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಇದನ್ನು ಖಡಾಖಂಡಿತವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮು ಅಕ್ರಮ ಮಾರ್ಪಾಡು ಮಾಡಿಸಿದ ಮಾಲಕನಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ, ಇಲ್ಲವೇ ಎರಡನ್ನೂ ವಿಧಿಸುತ್ತದೆ.

ಒಂದು ಹೆಚ್ಚುವರಿ ಪಾಟಾ ಮಾರ್ಪಾಡು ಎನಿಸುತ್ತದೆಯೇ? ವಾಹನದ ಮೂಲ ಲಕ್ಷಣವನ್ನೇ ಬದಲಿಸುವ ರಚನಾ ಬದಲಾವಣೆ ಎಂದು ಕಾಯಿದೆ ಅದನ್ನು ವ್ಯಾಖ್ಯಾನಿಸುತ್ತದೆ. ಚಾಸಿ ಕತ್ತರಿಸಿ ಉದ್ದ ಮಾಡಿದರೆ ಸಂಶಯವೇ ಇಲ್ಲ. ಮುರಿದ ಪಾಟಾಕ್ಕೆ ಬದಲಿ ಹಾಕಿದರೆ ಅದು ಮಾರ್ಪಾಡಲ್ಲ. ನಡುವಿನದ್ದು ವಕೀಲರು ವಾದಿಸಬಹುದಾದ ವಿಷಯ. ಆದರೆ ತೂಕದ ವಿಷಯದಲ್ಲಿ ವಾದಕ್ಕೆ ಎಡೆಯಿಲ್ಲ. 2019ರ ತಿದ್ದುಪಡಿಯ ಬಳಿಕ 194ನೇ ಕಲಮಿನಂತೆ ಓವರ್‌ಲೋಡಿಗೆ 20,000 ರೂ., ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂ. ದಂಡ. ಮೊದಲು ಇದು ಕ್ರಮವಾಗಿ 2,000 ಮತ್ತು 1,000 ರೂ. ಇತ್ತು. ಓಡಿಸಿದವನು ಮಾತ್ರವಲ್ಲ, ಓಡಿಸಲು ಬಿಟ್ಟವನೂ ಹೊಣೆಗಾರ. ಹೆಚ್ಚುವರಿ ಭಾರ ಇಳಿಸದೆ ಗಾಡಿ ಮುಂದೆ ಹೋಗುವಂತಿಲ್ಲ. ದಂಡ ಕಟ್ಟಿದ ಮಾತ್ರಕ್ಕೆ ಅದೇ ಭಾರದೊಂದಿಗೆ ಬಿಡಕೂಡದೆಂದು 2005ರ ಪರಮಜೀತ್ ಭಾಸಿನ್ ಪ್ರಕರಣದಲ್ಲೇ ಸರ್ವೋಚ್ಚ ನ್ಯಾಯಾಲಯ ರಾಜ್ಯಗಳಿಗೆ ತಾಕೀತು ಮಾಡಿದೆ.

ಲೆಕ್ಕಕ್ಕಾಗಿ ಹೇಳುವುದಾದರೆ, ಒಂದು ಟನ್ ಹೆಚ್ಚು ಹೇರಿ ಪ್ರತಿ ಟ್ರಿಪ್ಪಿಗೆ 500 ರೂ. ಹೆಚ್ಚು ದುಡಿಯುವವನು ಒಮ್ಮೆ ಸಿಕ್ಕಿಬಿದ್ದು 22,000 ರೂ. ಕಟ್ಟಿದರೆ 44 ಟ್ರಿಪ್ಪಿನ ಹೆಚ್ಚುವರಿ ಗಳಿಕೆ ಅಂದೇ ಮುಗಿಯಿತು. ಟೈರು, ಬೇರಿಂಗು, ಡೀಸೆಲ್ಲಿನ ಲೆಕ್ಕ ಇದರಲ್ಲಿ ಸೇರಿಲ್ಲ.

ವಿಮೆಯ ಕಾಗದದಲ್ಲಿ

ಸಾಲದಲ್ಲಿ ಗಾಡಿ ಕೊಂಡವರಿಗೆ ನಿಜವಾದ ಪೆಟ್ಟು ಬೀಳುವುದು ಇಲ್ಲಿ. ಗಾಡಿ ಬ್ಯಾಂಕಿಗೆ ಹೈಪೋಥಿಕೇಶನ್ ಆಗಿರುತ್ತದೆ. ಅಪಘಾತವಾಗಿ ಗಾಡಿ ಗುಜರಿಗೆ ಹೋದರೂ ಕಂತು ನಿಲ್ಲುವುದಿಲ್ಲ. ವಿಮೆ ಬಂದರೆ ಸಾಲ ತೀರುತ್ತದೆ, ಬಾರದಿದ್ದರೆ ಇಲ್ಲದ ಗಾಡಿಗೆ ಕಂತು ಕಟ್ಟಬೇಕಾಗುತ್ತದೆ.

ಓವರ್‌ಲೋಡ್ ಇತ್ತೆಂಬ ಮಾತ್ರಕ್ಕೆ ಕ್ಲೇಮ್ ಪೂರ್ತಿ ತಿರಸ್ಕರಿಸುವಂತಿಲ್ಲ. ಇಂತಹ ಸಂದರ್ಭಗಳಲ್ಲಿ ಒಪ್ಪತಕ್ಕ ಮೊತ್ತದ ಶೇ. 75ರವರೆಗೆ ನೀಡುವ ಪದ್ಧತಿಯನ್ನು 2010ರ ಅಮಲೇಂದು ಸಾಹು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಉಲ್ಲೇಖಿಸಿತು. ಎರಡು ಲಕ್ಷದ ಹಾನಿಗೆ ಗರಿಷ್ಠ ಒಂದೂವರೆ ಲಕ್ಷ ಎಂದಿಟ್ಟುಕೊಳ್ಳಬಹುದು. ಅದಕ್ಕೂ ಮೊದಲು ಕರ್ನಾಟಕದಿಂದಲೇ ಹೋದ ಬಿ.ವಿ. ನಾಗರಾಜು ಪ್ರಕರಣದಲ್ಲಿ, 1996ರಲ್ಲಿ, ಸರಕು ಗಾಡಿಯಲ್ಲಿ ಅನುಮತಿಗಿಂತ ಹೆಚ್ಚು ಜನರಿದ್ದುದು ಅಪಘಾತಕ್ಕೆ ಕಾರಣವಾಗಿರಲಿಲ್ಲವೆಂಬುದನ್ನು ಗಮನಿಸಿ ಮಾಲಕನ ಪರವಾಗಿ ತೀರ್ಪು ಬಂತು.

ಈ ತೀರ್ಪಿನ ತಿರುಳನ್ನು ಸರಿಯಾಗಿ ಓದಬೇಕು. ನಿಯಮ ಉಲ್ಲಂಘನೆ ಅಪಘಾತಕ್ಕೆ ಕಾರಣವಾಗಿರದಿದ್ದರೆ ಮಾಲಕನಿಗೆ ರಿಯಾಯಿತಿ. ನಿಂತ ಗಾಡಿಗೆ ಹಿಂದಿನಿಂದ ಬಸ್ಸು ಬಂದು ಗುದ್ದಿದರೆ ಪಾಟಾ ಎಷ್ಟಿತ್ತೆಂಬುದು ಅಪ್ರಸ್ತುತ. ಆದರೆ ಬೆಸೆದ ಚಾಸಿ ಬೆಸುಗೆಯಲ್ಲೇ ತುಂಡಾಗಿ ಗಾಡಿ ಮಗುಚಿದರೆ? ಘಾಟಿಯಲ್ಲಿ ಬ್ರೇಕ್ ಹಿಡಿಯದೆ ಹೋದಾಗ ವಾಲ್ವಿನ ಕಡ್ಡಿ ತಂತಿಯಲ್ಲಿ ಕಟ್ಟಿದ್ದುದು ಸರ್ವೇಯರನ ಕಣ್ಣಿಗೆ ಬಿದ್ದರೆ? ಆಗ ಉಲ್ಲಂಘನೆಯೇ ಅಪಘಾತದ ಕಾರಣ. ನಾಗರಾಜು ಪ್ರಕರಣದ ಆಸರೆ ಅಲ್ಲಿ ಸಿಗುವುದು ಕಷ್ಟ.

ಹಿಂದೆ ಕುಳಿತವರು

ಸಂಘ-ಸಂಸ್ಥೆಗಳು ಗಮನಿಸಲೇಬೇಕಾದ ವಿಚಾರ ಇದು. ಸರಕು ಗಾಡಿಯಲ್ಲಿ ಉಚಿತವಾಗಿ ಕುಳಿತ ಪ್ರಯಾಣಿಕರಿಗೆ ವಿಮಾ ಕಂಪೆನಿ ಹೊಣೆಯಲ್ಲ ಎಂದು 2002ರ ಆಶಾ ರಾಣಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ನಿರ್ಣಯಿಸಿದೆ. ಸರಕಿನ ಮಾಲಕ ಅಥವಾ ಅವನ ಅಧಿಕೃತ ಪ್ರತಿನಿಧಿಗೆ, ಗಾಡಿ ಮಾಲಕನ ಕೆಲಸಗಾರರಿಗೆ ಕಾಯಿದೆಯಲ್ಲಿ ಅವಕಾಶವಿದೆ. ವೇಷಭೂಷಣದ ಪೆಟ್ಟಿಗೆಗಳ ಮೇಲೆ ಕುಳಿತು ಹರಟೆ ಹೊಡೆಯುತ್ತ ಬರುವ ಹತ್ತು ಸ್ವಯಂಸೇವಕರಿಗೆ ಇಲ್ಲ.

2025ರ ಆಗಸ್ಟ್ 11ರ ಶ್ರಾವಣ ಸೋಮವಾರ ಪುಣೆ ಜಿಲ್ಲೆಯ ಖೇಡ್ ತಾಲೂಕಿನ ಪಾಪಳವಾಡಿಯಿಂದ ಕುಂಡೇಶ್ವರ ದೇವಸ್ಥಾನಕ್ಕೆ ಹೊರಟ ಮಹಿಳೆಯರು, ಮಕ್ಕಳಿದ್ದ ಪಿಕಪ್ ಏರುರಸ್ತೆಯಲ್ಲಿ ಹಿಮ್ಮುಖವಾಗಿ ಜಾರಿ ಕಮರಿಗೆ ಉರುಳಿ ಹತ್ತರಷ್ಟು ಮಂದಿ ಮೃತಪಟ್ಟರು. 2024ರ ಮೇ 20ರಂದು ಛತ್ತೀಸಗಢದ ಕಬೀರಧಾಮ ಜಿಲ್ಲೆಯಲ್ಲಿ ತೆಂದು ಎಲೆ ಆಯಲು ಹೋಗಿದ್ದ ಬುಡಕಟ್ಟಿನ 19 ಮಂದಿ ಪಿಕಪ್ ಮಗುಚಿ ಅಸುನೀಗಿದರು. 2025ರ ಜನವರಿ 22ರ ನಸುಕಿನಲ್ಲಿ ಉತ್ತರ ಕನ್ನಡದ ಯಲ್ಲಾಪುರ ಬಳಿ ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು-ತರಕಾರಿಯೊಂದಿಗೆ ವ್ಯಾಪಾರಿಗಳನ್ನೂ ಹೊತ್ತಿದ್ದ ಲಾರಿ ಕಂದಕಕ್ಕೆ ಬಿದ್ದು ಹತ್ತು ಮಂದಿ ಸತ್ತರು. ಈ ಅಪಘಾತಗಳಲ್ಲಿ ಪಾಟಾ ಹೆಚ್ಚಿಸಿದ್ದರೆಂದು ಹೇಳುವುದು ಇಲ್ಲಿನ ಉದ್ದೇಶವಲ್ಲ. ಸರಕಿಗಾಗಿ ಮಾಡಿದ ಗಾಡಿಯ ಹಿಂಬದಿಯಲ್ಲಿ ಜನ ತುಂಬಿದಾಗ ಏನಾಗುತ್ತದೆ ಎಂಬುದಕ್ಕೆ ಇವು ಇತ್ತೀಚಿನ ನಿದರ್ಶನಗಳು. ಏರಿನಲ್ಲಿ ಜನರೆಲ್ಲ ಹಿಂದಕ್ಕೆ ವಾಲುತ್ತಾರೆ, ತಿರುವಿನಲ್ಲಿ ಒಂದು ಬದಿಗೆ ಸರಿಯುತ್ತಾರೆ. ಕಟ್ಟಿಟ್ಟ ಅಕ್ಕಿ ಮೂಟೆ ಹಾಗೆ ಮಾಡುವುದಿಲ್ಲ.

ಹಾಗಾದರೆ ಮಾಲಕ ಮಾಡಬೇಕಾದ್ದೇನು

ಟೆಂಪೋ ಮಾಲಕನನ್ನೇ ದೂರಿ ಪ್ರಯೋಜನವಿಲ್ಲ. ಎರಡು ಟ್ರಿಪ್ಪಿನ ಮಾಲನ್ನು ಒಂದೇ ಟ್ರಿಪ್ಪಿನ ಬಾಡಿಗೆಗೆ ಒಯ್ಯಲು ಒತ್ತಾಯಿಸುವುದು ಸರಕಿನವರೇ. ಒಬ್ಬ ಒಲ್ಲೆನೆಂದರೆ ಪಕ್ಕದವನು ಸಿದ್ಧ. ಮುಂಬಯಿ-ಗೋವಾ ಹೆದ್ದಾರಿಯ ಕಾಮಗಾರಿ 2025ರ ಗಣೇಶೋತ್ಸವದ ಹೊತ್ತಿಗೂ ಪೂರ್ಣಗೊಂಡಿರಲಿಲ್ಲ. ಹೊಂಡಬಿದ್ದ ರಸ್ತೆಯಲ್ಲಿ ಪಾಸಿಂಗ್ ಒಳಗಿನ ಭಾರಕ್ಕೂ ಪಾಟಾ ಮುರಿಯುವುದುಂಟು. ಹಾಗೆ ಮುರಿದವನು ಮುಂದಿನ ಸಲ ಒಂದು ಹೆಚ್ಚೇ ಹಾಕಿಸುತ್ತಾನೆ.

ದಿನವೂ ಎರಡು ಟನ್ ಸಾಗಿಸುವ ವ್ಯವಹಾರವಿದ್ದರೆ 1.3 ಟನ್ನಿನ ಗಾಡಿ ಕೊಂಡು ಗಟ್ಟಿ ಮಾಡಿಸುವ ಬದಲು ಎರಡು ಟನ್ನಿನದ್ದನ್ನೇ ಕೊಳ್ಳುವುದು ಲೇಸು. ಬೆಲೆಯ ವ್ಯತ್ಯಾಸ ಕಂತಿನಲ್ಲಿ ಹಂಚಿಹೋಗುತ್ತದೆ, ಆ್ಯಕ್ಸಲ್, ಬ್ರೇಕ್, ಟೈರು ಎಲ್ಲವೂ ಆ ಭಾರಕ್ಕೆ ತಕ್ಕದ್ದು ಸಿಗುತ್ತದೆ, ಆರ್‌ಸಿಯಲ್ಲೂ ಅದೇ ಅಂಕೆ ಇರುತ್ತದೆ. ಈಗಾಗಲೇ ಇರುವ ಗಾಡಿಯನ್ನು ಒಮ್ಮೆ ಪೂರ್ತಿ ಹೇರಿ ಕಾಂಟಾಕ್ಕೆ ಒಯ್ದು ತೂಗಿಸಿದರೆ, ಎಷ್ಟು ಚೀಲಕ್ಕೆ ಪಾಸಿಂಗ್ ಮುಗಿಯುತ್ತದೆ ಎಂಬುದು ಖಚಿತವಾಗಿ ಗೊತ್ತಾಗುತ್ತದೆ. ಮುಂದಿನ ಚಕ್ರ ಮಾತ್ರ ಕಾಂಟಾದ ಮೇಲಿಟ್ಟು ಇನ್ನೊಮ್ಮೆ ತೂಗಿಸಿದರೆ ಹಿಂದಕ್ಕೆ ಎಷ್ಟು ಬಿತ್ತೆಂಬುದೂ ಲೆಕ್ಕ ಸಿಗುತ್ತದೆ. ಭಾರದ ಸಾಮಾನು ಕ್ಯಾಬಿನ್ನಿಗೆ ಒತ್ತಿ, ಹಗುರದ್ದು ಹಿಂದಕ್ಕೆ. ಸಂಘಗಳು ಗಾಡಿ ಗೊತ್ತುಪಡಿಸುವಾಗ ಬಾಡಿಗೆಯೊಂದಿಗೆ ಪಾಸಿಂಗ್ ಎಷ್ಟೆಂದೂ ಕೇಳುವುದು, ಹುಡುಗರಿಗೆ ಬೇರೆ ವಾಹನ ಮಾಡುವುದು ದೊಡ್ಡ ಖರ್ಚಿನ ಬಾಬತ್ತೇನಲ್ಲ.

ಸರಕಾರದ ಕಡೆಯಿಂದ ಆಗಬೇಕಾದದ್ದೂ ಇದೆ. ಸಾಗಾಟ ವಾಹನಗಳಿಗೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಅನಂತರ ವರ್ಷಕ್ಕೊಮ್ಮೆ ಫಿಟ್‌ನೆಸ್ ನವೀಕರಣ ಕಡ್ಡಾಯ. ಆ ತಪಾಸಣೆಗೆ ಗಾಡಿ ಹೋಗುವುದು ಖಾಲಿಯಾಗಿ. ಖಾಲಿ ಗಾಡಿಯಲ್ಲಿ ಹೆಚ್ಚುವರಿ ಪಾಟಾದ ಕಟ್ಟು ಎತ್ತರವಾಗಿ, ಗಟ್ಟಿಮುಟ್ಟಾಗಿ ಕಾಣುತ್ತದೆ. ತಯಾರಕರ ಪಟ್ಟಿಯಲ್ಲಿ ಎಷ್ಟು ಪಾಟಾ, ಎಷ್ಟು ದಪ್ಪ ಎಂದಿದೆಯೋ ಅದನ್ನು ಎದುರಿಗಿಟ್ಟು ಎಣಿಸಿ ನೋಡುವುದಕ್ಕೆ ಯಂತ್ರವೇನೂ ಬೇಕಾಗಿಲ್ಲ.